ಭಾಗದ ಪಟ್ಟಿಯಲ್ಲಿ ಹಬ್ಬ ಯಾರ ಪಾಲಿಗೆ?



ಅಣ್ಣತಮ್ಮಂದಿರು ಭಾಗವಾಗುವಾಗ ಊರಿನ ನಾಲ್ವರು ಹಿರಿಯರನ್ನು ಕರೆಸಿ ಕೂರಿಸಿಕೊಳ್ಳುವುದು ನಮ್ಮ ವಾಡಿಕೆ. ಜಗಲಿಯ ಮೇಲೆ ಚಾಪೆ ಹಾಸುತ್ತಾರೆ, ಅಕ್ಷರ ಚೆನ್ನಾಗಿರುವವರೊಬ್ಬರು ಬರೆಯಲು ಕೂರುತ್ತಾರೆ. ಖುಷ್ಕಿ ಇಷ್ಟು, ತರಿ ಇಷ್ಟು, ಕೊಳವೆ ಬಾವಿಯ ನೀರು ವಾರದಲ್ಲಿ ಇಂತಿಂಥ ದಿನ ಇಂಥವರಿಗೆ, ಹಿತ್ತಲಿನ ಹಲಸು ಹಿರಿಯವನಿಗೆ, ಚಕ್ಕೋತದ ಮರ ಕಿರಿಯವನಿಗೆ, ಅಟ್ಟದ ಮೇಲಿನ ಹಂಡೆ ಕೊಪ್ಪರಿಗೆ ನಡುವಿನವನಿಗೆ. ತಾಯಿ ಯಾರ ಮನೆಯಲ್ಲಿ ಇರತಕ್ಕದ್ದು ಎಂಬುದನ್ನೂ ಬರೆಯುತ್ತಾರೆ. ಯಲಹಂಕ, ಜಾಲ, ಹೆಸರಘಟ್ಟ ಹೋಬಳಿಗಳ ಕಡೆ ಓಡಾಡುವ ಕೆಲಸದಲ್ಲಿ ಇಂಥ ಪಟ್ಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಬ್ಬ ಯಾರ ಮನೆಯಲ್ಲಿ, ಅದರ ಖರ್ಚು ಯಾರದು, ಹಿರಿಯರಿಗೆ ಎಡೆ ಇಡುವವರು ಯಾರು ಎಂಬ ಸಾಲು ಇರುವ ಪಟ್ಟಿ ಮಾತ್ರ ತೀರ ಅಪರೂಪ.

ಜಾಲ ಹೋಬಳಿಯ ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಮೂವರು ಅಣ್ಣತಮ್ಮಂದಿರು ಜಗಳವಿಲ್ಲದೆ ಭಾಗವಾದರು. ಮೊದಲ ವರ್ಷದ ಪಿತೃಪಕ್ಷದಲ್ಲಿ ಮೂರು ಮನೆಗಳಲ್ಲೂ ಎಡೆ ಇಟ್ಟರು. ಎರಡನೆಯ ವರ್ಷ ಹಿರಿಯವನು ಹೊಸ ಮನೆಗೆ ತಾರಸಿ ಹಾಕಿಸುವ ಗಡಿಬಿಡಿಯಲ್ಲಿದ್ದ. ನಡುವಿನವನು ಮಕ್ಕಳ ಶಾಲೆಗೆಂದು ಯಲಹಂಕಕ್ಕೆ ಬಾಡಿಗೆ ಮನೆ ಮಾಡಿಕೊಂಡು ಹೋಗಿದ್ದ. ಕಿರಿಯವನು, ಅಣ್ಣ ಹೇಗೂ ಇಡುತ್ತಾನೆ ಎಂದುಕೊಂಡ. ಅಮಾವಾಸ್ಯೆಯ ದಿನ ಮಧ್ಯಾಹ್ನ ದೊಡ್ಡಬಳ್ಳಾಪುರದ ಕಡೆಗೆ ಕೊಟ್ಟಿದ್ದ ಅಕ್ಕ ಬಂದಳು. ಮನೆ ಮನೆ ತಿರುಗಿ, "ಅಪ್ಪನಿಗೆ ಎಡೆ ಎಲ್ಲಿಟ್ಟಿದ್ದೀರಪ್ಪ?" ಎಂದು ಕೇಳಿದಳಂತೆ. ಎಲ್ಲೂ ಇಟ್ಟಿರಲಿಲ್ಲ. ಆಸ್ತಿಯ ವಿಚಾರದಲ್ಲಿ ಒಂದು ಗುಂಟೆಗೂ ತಕರಾರಿಲ್ಲದೆ ಬೇರೆಯಾದ ಆ ಮನೆಗಳಲ್ಲಿ ಮೊದಲ ಮನಸ್ತಾಪ ಬಂದದ್ದು ಅಂದು.

ಕೃಷಿ ಪುಟದಲ್ಲಿ ಈ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಸೀಮೆಯಲ್ಲಿ ಹಬ್ಬವೆಂದರೆ ಬೇಸಾಯದ ಪಂಚಾಂಗವೇ ಆಗಿತ್ತು. ಯಾವ ಬೀಜ ಮುಂದಿನ ವರ್ಷಕ್ಕೆ ಉಳಿಯಬೇಕು, ಕೊಟ್ಟಿಗೆಯ ದನ ಹೇಗಿದೆ, ನೇಗಿಲು ಯಾವಾಗ ಹೂಡಬೇಕು, ಕಣದಲ್ಲಿ ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನೆಲ್ಲ ಓದು ಬರಹ ಬಾರದ ನಮ್ಮ ಹಿರಿಯರು ಹಬ್ಬಗಳಲ್ಲಿ ಕಟ್ಟಿಟ್ಟಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ಭೂಮಿಯ ಬೆಲೆ ಹೇಗೆ ಏರಿತೆಂದು ತಮಗೆ ನಾನು ಹೇಳಬೇಕಿಲ್ಲ. ರಾಗಿ ಹೊಲಗಳು ನಿವೇಶನಗಳಾದವು. ಹಬ್ಬವೇನೋ ನಿಂತಿಲ್ಲ, ಆದರೆ ಹಬ್ಬದ ಸಾಮಾನೆಲ್ಲ ಅಂಗಡಿಯಿಂದ ಬರುತ್ತಿದೆ. ಎಳ್ಳುಬೆಲ್ಲ ಪೊಟ್ಟಣದಲ್ಲಿ, ಅವರೆಕಾಯಿ ಯಶವಂತಪುರದ ರಸ್ತೆ ಬದಿಯಲ್ಲಿ, ಮಾವಿನ ಸೊಪ್ಪು ಕೂಡ ಕಟ್ಟಿಗೆ ಇಷ್ಟು ಎಂದು. ಹೊಲ ಇರುವವರ ಮನೆಯ ಮಕ್ಕಳೂ ಹಾಗೆಯೇ ತರುವುದನ್ನು ಕಂಡಾಗ ನನಗೆ ಯೋಚನೆಯಾಗುತ್ತದೆ.

ಇದರ ಜೊತೆಗೆ ಇನ್ನೊಂದನ್ನು ಗಮನಿಸಿರಿ. ಮತ್ತಿಕೆರೆ, ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿ ಇವೆಲ್ಲ ಹಿಂದೆ ನಮ್ಮ ನಿಮ್ಮಂಥ ಊರುಗಳೇ. ಪಟ್ಟಣ ನುಂಗಿ ಬಹಳ ಕಾಲವಾಯಿತು. ಇಂಥ ಎಷ್ಟೋ ಊರುಗಳಲ್ಲಿ ಗದ್ದೆ ಹೊಲದ ಗುರುತೂ ಉಳಿದಿಲ್ಲ, ಊರಹಬ್ಬ ಮಾತ್ರ ಉಳಿದಿದೆ. ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ಬಸ್ಸುಗಳ ನಡುವೆಯೇ ಗುಡಿಗೆ ಹೋಗುತ್ತಾರೆ. ಮನೆಯ ಹಬ್ಬ ಸಡಿಲವಾಗಿ ಊರ ಹಬ್ಬ ಉಳಿದದ್ದು ಹೇಗೆ? ಊರಹಬ್ಬದಲ್ಲಿ ಮೊದಲ ಆರತಿ ಯಾವ ಮನೆಯದು, ಚಂದಾ ಎತ್ತುವವರು ಯಾರು, ತಮಟೆಯವರಿಗೆ ಹೇಳುವವರು ಯಾರು ಎಂಬುದು ಮೊದಲೇ ಗೊತ್ತಿರುತ್ತದೆ. ಹೆಸರು ಹಿಡಿದು ಹೊಣೆ ಹೊರಿಸಿದ ಕೆಲಸ ನಡೆಯುತ್ತದೆ. ಮನೆಯ ಹಬ್ಬಕ್ಕೂ ಹಾಗೆ ಹೊಣೆಗಾರರನ್ನು ಗೊತ್ತು ಮಾಡಬೇಕು ಎಂಬುದೇ ನನ್ನ ಸಲಹೆ.

ಅವರೆ ಮತ್ತು ಸಂಕ್ರಾಂತಿ

ಮೊದಲು ಸಂಕ್ರಾಂತಿಯನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆ ಸಂಕ್ರಾಂತಿಯೆಂದರೆ ಅವರೆಕಾಯಿ, ಗೆಣಸು, ಕಡಲೆಕಾಯಿ ಬೇಯಿಸಿ ಎಡೆ ಮಾಡುವ ಹಬ್ಬ. ಯುಗಾದಿ, ಗೌರಿ ಹಬ್ಬಗಳು ಚಂದ್ರನ ಲೆಕ್ಕದವು, ವರ್ಷ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತವೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು. ಜನವರಿ 14 ಅಥವಾ 15 ಬಿಟ್ಟು ಕದಲದು. ನಾಟಿ ಅವರೆಯೂ ಸೂರ್ಯನ ಲೆಕ್ಕದ ಗಿಡ. ಹಗಲು ಕುಗ್ಗತೊಡಗಿದ ಮೇಲೆಯೇ ಅದು ಹೂ ಬಿಡುವುದು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಈ ಗಿಡ ತಿಳಿಯುತ್ತದೆ. ರಾಗಿಯ ಆರೆಂಟು ಸಾಲಿಗೊಂದು ಅಕ್ಕಡಿ ಸಾಲಾಗಿ ಜುಲೈನಲ್ಲಿ ಬಿತ್ತಿದರೂ, ಮಳೆ ತಡವಾಗಿ ಆಗಸ್ಟಿನಲ್ಲಿ ಬಿತ್ತಿದರೂ ಹೂ ಬಿಡುವ ಕಾಲ ಹೆಚ್ಚು ಕಡಿಮೆ ಒಂದೇ. ರಾಗಿ ಕಟಾವಾಗಿ ಹೊಲ ತೆರವಾದ ಮೇಲೆ ಬಳ್ಳಿ ಹರಡಿಕೊಂಡು, ಮಂಜಿನಲ್ಲಿ ನೆನೆದು, ಹಬ್ಬದ ಹೊತ್ತಿಗೆ ಸೊಗಡಿನ ಕಾಯಿ ಕೊಡುತ್ತದೆ. ಹಬ್ಬ ಬಂತೆಂದು ಅವರೆ ಬಂತೋ, ಅವರೆ ಬಂತೆಂದು ಹಬ್ಬ ಬಂತೋ, ಎರಡೂ ಸೂರ್ಯನನ್ನೇ ನಂಬಿದವು.

ಹೆಬ್ಬಾಳದ ಹೆಸರು ಈ ಬೆಳೆಯ ಜೊತೆ ಸೇರಿದ್ದೂ ತಮಗೆ ಗೊತ್ತಿರಬೇಕು. 1899ರಲ್ಲಿ ಮೈಸೂರು ಸಂಸ್ಥಾನದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಬೇಸಾಯದ ಪ್ರಯೋಗಕ್ಕೆಂದು ಕೊಟ್ಟರು. ಡಾ. ಲೆಹ್‌ಮನ್ ಅಲ್ಲಿ ಕೆಲಸ ಶುರುಮಾಡಿದರು. 1946ರಲ್ಲಿ ಅಲ್ಲಿಯೇ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದವು. ಈ ವಿಶ್ವವಿದ್ಯಾಲಯದ ತಜ್ಞರು ಹಗಲಿನ ಅಳತೆಗೆ ಕಾಯದೆ ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುವ ಅವರೆ ತಳಿಗಳನ್ನು ಹೊರತಂದರು. ಎಚ್.ಎ.-3, ಎಚ್.ಎ.-4 ಎಂಬಲ್ಲಿ ಎಚ್.ಎ. ಎಂದರೆ ಹೆಬ್ಬಾಳ ಅವರೆ. ನೀರಾವರಿ ಇರುವವರಿಗೆ ಇವು ಮೂರು ತಿಂಗಳಲ್ಲಿ ಕೈಗೆ ಕಾಸು ತರುವ ಬೆಳೆ. ತಾವು ಅದನ್ನು ಧಾರಾಳವಾಗಿ ಬೆಳೆಯಿರಿ. ಆದರೆ ಮಾರುವ ಅವರೆ ಬೇರೆ, ಹಬ್ಬದ ಅವರೆ ಬೇರೆ ಎಂದು ಮನಸ್ಸಿನಲ್ಲಿಡಿರಿ. ಚಳಿಯಲ್ಲಿ ಬಲಿತ ನಾಟಿ ಕಾಯಿಯ ಸಿಪ್ಪೆಯ ಮೇಲಿರುವ ಎಣ್ಣೆಯಂಥ ಜಿಡ್ಡೇ ಸೊಗಡಿನ ಮೂಲ; ಬೇಸಿಗೆಯ ಕಾಯಿಯಲ್ಲಿ ಅದು ಅಷ್ಟಿರದೆಂದು ತಮ್ಮ ಮೂಗೇ ಹೇಳುತ್ತದೆ. ಹಿದುಕಿದ ಬೇಳೆ ಸಾರು, ಮುದ್ದೆ ಉಂಡು ಬೆಳೆದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾಟಿ ಅವರೆ ಬಹುಮಟ್ಟಿಗೆ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಆದ್ದರಿಂದ ಬೀಜ ಬೆರಕೆಯಾಗದಂತೆ ನೋಡಿಕೊಂಡರೆ ಅಜ್ಜಿ ಇಟ್ಟ ಬೀಜದ ಗುಣ ಮೊಮ್ಮಗನ ಕಾಲಕ್ಕೂ ಉಳಿಯುತ್ತದೆ. ಬೀಜ ಹಿಡಿಯುವ ಕ್ರಮ ಹೀಗೆ: ಡಿಸೆಂಬರಿನಲ್ಲಿ ಹೊಲ ಸುತ್ತಿ, ರೋಗವಿಲ್ಲದ, ಕಾಯಿ ತುಂಬಿದ, ಸೊಗಡು ಚೆನ್ನಾಗಿರುವ ಹತ್ತಿಪ್ಪತ್ತು ಗಿಡಗಳಿಗೆ ಬಣ್ಣದ ಬಟ್ಟೆಯ ಚೂರು ಕಟ್ಟಿರಿ. ಆ ಗಿಡಗಳ ಕಾಯನ್ನು ಸಂತೆಗೂ ಕೀಳಬೇಡಿರಿ, ಸಾರಿಗೂ ಕೀಳಬೇಡಿರಿ. ಗಿಡದಲ್ಲೇ ಒಣಗಿದ ಮೇಲೆ ಬಿಡಿಸಿ, ಎರಡು ಮೂರು ಬಿಸಿಲು ಕೊಟ್ಟು, ಹಲ್ಲಿನಲ್ಲಿ ಕಚ್ಚಿದರೆ ಕಟ್ಟೆಂದು ಸೀಳುವಂತಿರಬೇಕು. ಕಾಳು ಕೊರೆಯುವ ಹುಳುವಿನ ಮೊಟ್ಟೆ ಹೊಲದಲ್ಲೇ ಕಾಯಿಯ ಮೇಲೆ ಬಂದಿರುತ್ತದೆ, ಆದ್ದರಿಂದ ಉದಾಸೀನ ಸಲ್ಲದು. ಕೆಮ್ಮಣ್ಣು ಬಳಿದು ಒಣಗಿಸಿ ಇಡುವ ಹಳೆಯ ಪದ್ಧತಿ ಒಳ್ಳೆಯದೇ. ಇಲ್ಲವಾದರೆ ಕಿಲೋ ಬೀಜಕ್ಕೆ 5 ಮಿಲಿಲೀಟರ್ ಅಡುಗೆ ಎಣ್ಣೆ ಸವರಿ ಬಾಯಿ ಭದ್ರವಾದ ಮಡಕೆಯಲ್ಲೋ ಡಬ್ಬಿಯಲ್ಲೋ ಇಡಿರಿ. ಬಿತ್ತುವಾಗ ಬರಿ ಅವರೆಯಾದರೆ ಗುಂಟೆಗೆ ಕಾಲು ಕಿಲೋ ಬೀಜ ಸಾಕು. ಮೂರು ಗುಂಟೆ ಬಿಟ್ಟರೆ ಒಂದು ಮನೆತನದ ಸಂಕ್ರಾಂತಿಯೂ ಆಯಿತು, ಮುಂದಿನ ಬೀಜವೂ ಆಯಿತು.

ವಿಶೇಷ ಗುಣದ ನಾಟಿ ತಳಿಯೊಂದು ತಮ್ಮ ಮನೆಯಲ್ಲೋ ಊರಿನಲ್ಲೋ ತಲೆಮಾರುಗಳಿಂದ ಬಂದಿದ್ದರೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ಅದನ್ನು ರೈತರ ತಳಿಯಾಗಿ ನೋಂದಾಯಿಸಲು ಅವಕಾಶವಿದೆ. ರೈತರಿಗೆ ಶುಲ್ಕವಿಲ್ಲ. ಜಿ.ಕೆ.ವಿ.ಕೆ.ಯಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ಕಿಚ್ಚು ಹಾಯಿಸುವ ಸಂಜೆ

ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಮುಂದೆ ಹುಲ್ಲು ಹಾಸಿ ಕಿಚ್ಚು ಹಾಯಿಸುತ್ತೇವೆ. ಕೆಲವು ಊರುಗಳಲ್ಲಿ ಊರ ಹೊರಗೆ ಕಾಟುಮರಾಯನನ್ನು ಮಣ್ಣಿನಲ್ಲಿ ಮಾಡಿ ಪೂಜಿಸುವ ರೂಢಿಯೂ ಇದೆ. ಕಿಚ್ಚು ಹಾಯ್ದರೆ ಉಣ್ಣೆ ಸಾಯುತ್ತದೆ ಎಂದು ಹೇಳುವುದುಂಟು. ನಾನು ಓದಿದ ಮಟ್ಟಿಗೆ ಒಂದು ಕ್ಷಣದ ಉರಿಗೆ ಉಣ್ಣೆ ಸಾಯುವುದಿಲ್ಲ. ನಿಜವಾದ ಪ್ರಯೋಜನ ಬೇರೆಯೇ ಇದೆ. ವರ್ಷಕ್ಕೊಮ್ಮೆ ಊರಿನ ದನವೆಲ್ಲ ಒಂದು ಕಡೆ ಸೇರುತ್ತದೆ. ಯಾವ ಹಸು ಕುಂಟುತ್ತದೆ, ಯಾವ ಎತ್ತು ಬಡವಾಗಿದೆ, ಯಾವ ಕಡಸು ಗಬ್ಬವಾಗಿದೆ ಎಂದು ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಮನೆಯ ಹುಡುಗರನ್ನು ಜೊತೆಗೆ ನಿಲ್ಲಿಸಿಕೊಂಡು ಇದನ್ನು ತೋರಿಸಿರಿ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ಹಾಕಿಸಿದ್ದೀರೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲೂ ಅದು ಒಳ್ಳೆಯ ದಿನ. 2022ರಲ್ಲಿ ಚರ್ಮಗಂಟು ರೋಗ ಹರಡಿ ರಾಜ್ಯದಲ್ಲಿ ದನಗಳ ಜಾತ್ರೆಗಳನ್ನೇ ನಿಲ್ಲಿಸಬೇಕಾಗಿ ಬಂದದ್ದನ್ನು ತಾವು ಮರೆತಿರಲಾರಿರಿ.

ಕೆಲವು ಎಚ್ಚರಿಕೆ. ಗಬ್ಬದ ಹಸು, ಸೀಮೆ ತಳಿಯ ಭಾರಿ ಕೆಚ್ಚಲಿನ ಹಸು, ಎಳೆಗರು ಇವನ್ನು ಕಿಚ್ಚಿಗೆ ಅಟ್ಟಬೇಡಿರಿ. ಆರತಿ ಎತ್ತಿದರೆ ಸಾಕು. ಹುಲ್ಲು ತೆಳುವಾಗಿರಲಿ, ಪಕ್ಕದಲ್ಲಿ ನೀರಿನ ಬಿಂದಿಗೆಗಳಿರಲಿ. ಬಾಗಿಲಿಗೆ ಬಳಿಯುವ ಎಣ್ಣೆ ಬಣ್ಣ ಕೊಂಬಿಗೆ ಬೇಡ, ದನ ಒಂದನ್ನೊಂದು ನೆಕ್ಕುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು, ಹಬ್ಬವೆಂದು ಪೊಂಗಲು, ಅನ್ನ, ಪಾಯಸ ಬುಟ್ಟಿಗಟ್ಟಲೆ ತಿನ್ನಿಸಬೇಡಿರಿ. ಅನ್ನ ಹೆಚ್ಚಾದರೆ ದನದ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ಹುಳಿ ವಾಸನೆಯ ಭೇದಿಯಾಗಿ ಮಲಗಿಬಿಡುತ್ತದೆ. ಹಬ್ಬದ ಮರುದಿನ ಪಶುವೈದ್ಯರಿಗೆ ಬಿಡುವಿರುವುದಿಲ್ಲ ಎಂಬುದು ಇದರಿಂದಲೇ. ಬಾಳೆಲೆಯ ಮೇಲೆ ಒಂದು ಹಿಡಿ ಇಟ್ಟರೆ ಬಸವಣ್ಣನಿಗೆ ಸಲ್ಲುತ್ತದೆ.

ಎತ್ತು ಸಾಕುವವರು ಈಗ ಕಡಿಮೆ. ಆದರೂ ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿಗಳನ್ನು ಕಟ್ಟುವವರು ಇದ್ದಾರೆ. ಅಂಚೆ ಇಲಾಖೆ 2000ದಲ್ಲಿ ದೇಶದ ನಾಲ್ಕು ದನದ ತಳಿಗಳಿಗೆ ಅಂಚೆಚೀಟಿ ತಂದಾಗ ಅದರಲ್ಲಿ ಹಳ್ಳಿಕಾರ್ ಒಂದು. ಎತ್ತು ಕೊಳ್ಳಲಿ ಬಿಡಲಿ, ಒಂದು ಬಾರಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ಹೊನ್ನಾರು, ವರ್ಷತೊಡಕು

ಯುಗಾದಿಯ ಹೊನ್ನಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗ ನೇಗಿಲಿನ ಬದಲು ಟ್ರಾಕ್ಟರಿಗೆ ಪೂಜೆ ಮಾಡುತ್ತೀರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಪೂಜೆ ಮಾಡಿ ಶೆಡ್ಡಿನಲ್ಲಿ ನಿಲ್ಲಿಸಬೇಡಿರಿ, ಹೊಲಕ್ಕೆ ಇಳಿಸಿರಿ. ಅಶ್ವಿನಿ, ಭರಣಿ ಮಳೆಯ ಹದದಲ್ಲಿ ಇಳಿಜಾರಿಗೆ ಅಡ್ಡಲಾಗಿ ಉತ್ತರೆ ಮಣ್ಣಿನಲ್ಲಿ ಅಡಗಿರುವ ಹುಳುವಿನ ಕೋಶಗಳು, ಕಳೆಯ ಗೆಡ್ಡೆಗಳು ಬಿಸಿಲಿಗೆ ಬಿದ್ದು ಸಾಯುತ್ತವೆ, ಮುಂದಿನ ಮಳೆ ಹೊಲದಲ್ಲೇ ಇಂಗುತ್ತದೆ. ಮೊದಲ ಸಾಲನ್ನು ಮನೆಯ ಕಿರಿಯರ ಕೈಯಿಂದ ಹೊಡೆಸಿರಿ. ಹುಡುಗಿಯಾದರೂ ಸರಿ.

ಯುಗಾದಿಯ ಮಾರನೆಯ ದಿನದ ವರ್ಷತೊಡಕಿನಲ್ಲಿ ಗುಡ್ಡೆ ಮಾಂಸದ ಪದ್ಧತಿಯೊಂದು ನಮ್ಮ ಭಾಗದಲ್ಲಿ ಇದೆ. ವರ್ಷವಿಡೀ ಚೀಟಿ ಕಟ್ಟಿ, ಒಟ್ಟಾಗಿ ಕುರಿ ಮೇಕೆ ತಂದು, ಕೊಯ್ದು, ಎಲ್ಲ ಬಗೆಯ ತುಂಡೂ ಸಮನಾಗಿ ಬೀಳುವಂತೆ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಸಹಕಾರ ಸಂಘದ ಬೈಲಾ ಓದದವರು ನಡೆಸುವ ಸಹಕಾರವಿದು. ಮಾಂಸ ತಿನ್ನದವರೂ ಆ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಬೇಕು. ಅದೇ ದಿನ ಅದೇ ಮರದ ಕೆಳಗೆ ಇಸ್ಪೀಟು ಹಾಸುವ ಸಂಪ್ರದಾಯವೂ ಇದೆ. ನಿವೇಶನ ಮಾರಿದ ಹಣ ಬಂದ ಮೇಲೆ ಅದರ ಪಣ ಎಲ್ಲಿಗೆ ಏರಿದೆ ಎಂದು ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. ಹಿರಿಯರಿಂದ ಬಂದದ್ದೆಲ್ಲ ಮಕ್ಕಳಿಗೆ ದಾಟಿಸತಕ್ಕದ್ದೇ ಆಗಬೇಕಿಲ್ಲ.

ಕಣದ ಪದ್ಧತಿಯಲ್ಲೂ ಹೀಗೆಯೇ ಆರಿಸಿಕೊಳ್ಳುವುದಿದೆ. ರಾಗಿ ರಾಶಿಗೆ ಬೆನವಪ್ಪನನ್ನಿಟ್ಟು ಪೂಜೆ ಮಾಡಿ, ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ 'ಲಾಭ' ಎನ್ನುತ್ತಿದ್ದರು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತಳವಾರ ಎಲ್ಲರಿಗೂ ಆಯ ಅಳೆದ ಮೇಲೆಯೇ ರಾಗಿ ಮನೆಗೆ. ದುಡಿದವರಿಗೆಲ್ಲ ಮೊದಲು ಪಾಲು ಎಂಬುದು ದೊಡ್ಡ ಗುಣ. ಆದರೆ ಆ ಪಾಲನ್ನು ಕೆಲವರು ಕಣದ ಹೊರಗೆ ನಿಂತು, ಸೆರಗೊಡ್ಡಿ ತೆಗೆದುಕೊಳ್ಳಬೇಕಾಗಿತ್ತು. ಕಣಕ್ಕೆ ಕಾಲಿಡುವ ಹಕ್ಕು ಅವರಿಗಿರಲಿಲ್ಲ. ಈಗಲೂ ಹಬ್ಬದ ದಿನ ಊಟವನ್ನು ಹಿತ್ತಲ ಬಾಗಿಲಲ್ಲಿ ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ. ಭಾಗದ ಪಟ್ಟಿ ಬರೆಯುವ ದಿನ ಇದನ್ನು ಯಾರ ಪಾಲಿಗೂ ಹಾಕದೆ ಅಲ್ಲಿಯೇ ಬಿಟ್ಟುಬಿಡಿರಿ. ಸಾಲ ಮಾಡಿ ಹಬ್ಬ ಮಾಡುವ ಚಟವನ್ನೂ ಅದರ ಜೊತೆಗೇ ಬಿಡಿರಿ.

ಅಕ್ಕತಂಗಿಯರ ಮಾತು

ಗೌರಿ ಹಬ್ಬಕ್ಕೆ ಕೊಟ್ಟ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕು. ಬಿದಿರಿನ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ. ಬೆಲೆ ಹೆಚ್ಚಿನದಲ್ಲ, ತವರು ಮರೆತಿಲ್ಲ ಎಂಬುದು ಅದರ ಅರ್ಥ. ಭೂಮಿಯ ಬೆಲೆ ಏರಿದ ಮೇಲೆ ನಮ್ಮ ಹೋಬಳಿಗಳಲ್ಲಿ ಒಂದು ಹೊಸ ರೂಢಿ ಬಂದಿದೆ. ಗೌರಿಗೆ ಒಳ್ಳೆಯ ಸೀರೆ ಕೊಟ್ಟು, ಊಟ ಹಾಕಿಸಿ, ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು. ಆ ಮೇಲಿನ ವರ್ಷದಿಂದ ಬಾಗಿನವೂ ನಿಲ್ಲುತ್ತದೆ. ಹಬ್ಬದ ಹೆಸರಿನಲ್ಲಿ ಮಾಡುವ ಇಂಥ ಕೆಲಸಕ್ಕೆ ಏನೆನ್ನಬೇಕೋ ತಾವೇ ಹೇಳಿರಿ.

ಕಾನೂನು ಸ್ಪಷ್ಟವಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಜನ್ಮದಿಂದ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪಾಲು ಬೇಕೋ ಬೇಡವೋ ಎಂಬುದು ಅವರೇ ತಿಳಿದು ಹೇಳಬೇಕಾದ ಮಾತು. ಬಾಗಿನ ಆಸ್ತಿಗೆ ಬದಲಲ್ಲ, ಪಾಲು ತೆಗೆದುಕೊಂಡವಳಿಗೂ ಬಾಗಿನ ಹೋಗತಕ್ಕದ್ದು.

ಇನ್ನೊಂದು ವಿಷಯ. ಹಬ್ಬದ ವಿದ್ಯೆ ಇರುವುದು ಹೆಂಗಸರಲ್ಲಿ. ತಂಬಿಟ್ಟಿಗೆ ಬೆಲ್ಲದ ಪಾಕ ಎಷ್ಟು, ಯಾವ ಹಿರಿಯರಿಗೆ ಯಾವ ಅಡುಗೆ ಇಷ್ಟವಿತ್ತು, ಕಳಶಕ್ಕೆ ಯಾವ ಸೀರೆ, ಸೋಬಾನೆಯಲ್ಲಿ ಯಾವ ಪದ ಮೊದಲು, ಇದೆಲ್ಲ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ಮಗಳು ಅದನ್ನು ಹೊತ್ತುಕೊಂಡು ಬೇರೆ ಊರಿಗೆ ಹೋಗಿರುತ್ತಾಳೆ. ನಾನು ಮೊದಲು ಹೇಳಿದ ಜಾಲ ಹೋಬಳಿಯ ಮನೆಯವರು ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಪಿತೃಪಕ್ಷದ ಎಡೆ ವರ್ಷಕ್ಕೊಬ್ಬರಂತೆ ಸರದಿ, ಸರದಿ ಯಾರದಾದರೂ ಎಲ್ಲರೂ ಅಲ್ಲಿಗೇ ಬರಬೇಕು, ಖರ್ಚು ಸಮಪಾಲು. ಮೂವರು ಅಣ್ಣತಮ್ಮಂದಿರ ಜೊತೆಗೆ ನಾಲ್ಕನೆಯ ಸರದಿ ಅಕ್ಕನದು. ಹೆಣ್ಣು ತವರಿನ ಹಿರಿಯರಿಗೆ ಎಡೆ ಇಡಬಹುದೇ ಎಂದು ಊರಿನಲ್ಲಿ ಒಂದಿಬ್ಬರು ಆಕ್ಷೇಪಿಸಿದರು. ಅಡುಗೆ ಎಂದಿದ್ದರೂ ಅವಳೇ ಮಾಡುತ್ತಿದ್ದಳಲ್ಲ ಎಂದು ತಾಯಿ ಹೇಳಿದ ಮೇಲೆ ಸುಮ್ಮನಾದರು.

ಹೊಲದ ಬದುವಿನ ಕಲ್ಲು

ಹೊಲ ಮಾರುವಾಗಲೋ ಸಮ ಮಾಡಿಸುವಾಗಲೋ ಬದುವಿನಲ್ಲಿರುವ ಹಳೆಯ ಕಲ್ಲುಗಳನ್ನು ಗಮನಿಸಿರಿ. ಹಬ್ಬದ ದಿನ ವೀರರ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ, ಕಲ್ಲಿನಲ್ಲಿ ಏನು ಬರೆದಿದೆ ಎಂದು ಮಾತ್ರ ಕೇಳಿದವರು ಕಡಿಮೆ. 2018ರಲ್ಲಿ ಹೆಬ್ಬಾಳದಲ್ಲಿ ಅಂಥದೊಂದು ವೀರಗಲ್ಲನ್ನು ಓದಿದಾಗ ಅದು ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು ಎಂದು ತಿಳಿಯಿತು. ಕಿತ್ತಯ್ಯ ಎಂಬಾತ ಈ ನಾಡನ್ನು ಕಾಯಲು ಹೋರಾಡಿ ಮಡಿದ ಸಂಗತಿ ಅದರಲ್ಲಿದೆ. ಹೆಬ್ಬಾಳದ ಹಳೆಯ ರೂಪವಾದ ಪೆರ್ಬೊಳಲು ಎಂಬ ಹೆಸರೂ ಇದೆ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸುವುದಕ್ಕೆ ಸುಮಾರು ಎಂಟುನೂರು ವರ್ಷ ಮುಂಚೆಯೇ ಇಲ್ಲಿ ಊರಿತ್ತು, ಊರಿಗಾಗಿ ಸತ್ತವರಿದ್ದರು. ಆ ಕಲ್ಲಿಗೆ ಈಗ ಮಂಟಪವಾಗಿದೆ. ಯಂತ್ರದವನು ಕಲ್ಲನ್ನು ಪಾಯಕ್ಕೆ ತುಂಬುವ ಮೊದಲು ಒಂದು ಫೋಟೋ ತೆಗೆದು ಗ್ರಾಮ ಪಂಚಾಯಿತಿಗಾದರೂ ತಿಳಿಸಿರಿ.

ಪಟ್ಟಿಯಲ್ಲಿ ಏನು ಬರೆಯಬೇಕು

ಭಾಗದ ಮಾತು ನಡೆಯುತ್ತಿರುವ ಮನೆಗಳಿಗೆ ನಾನು ಹೇಳುವುದಿಷ್ಟು. ಹಬ್ಬಕ್ಕೆಂದು ಎರಡು ಮೂರು ಗುಂಟೆಯನ್ನು ಜಂಟಿಯಾಗಿ ಉಳಿಸುವ ಆಸೆ ಕೆಲವರಿಗಿರುತ್ತದೆ. ಅಷ್ಟು ಚಿಕ್ಕ ತುಂಡಿಗೆ ನಕ್ಷೆ, ಪೋಡಿ, ಖಾತೆ ಎಂದು ಮುಂದೆ ತೊಡಕಾಗುವುದೇ ಹೆಚ್ಚು. ಅದು ಒಬ್ಬರ ಪಾಲಿನಲ್ಲೇ ಇರಲಿ. ಆ ಮೂಲೆಯಲ್ಲಿ ನಾಟಿ ಅವರೆ ಹಾಕುವುದು, ಸಂಕ್ರಾಂತಿಗೆ ಉಳಿದವರ ಮನೆಗೆ ಕಾಯಿ, ಬಿತ್ತನೆಗೆ ಬೀಜ ಕೊಡುವುದು ಎಂದು ಒಂದು ಒಡಂಬಡಿಕೆ ಮಾಡಿಕೊಳ್ಳಿರಿ. ನೋಂದಾಯಿಸುವ ಪತ್ರದಲ್ಲಿ ಇದನ್ನು ಸೇರಿಸುವುದೋ ಬೇರೆ ಕಾಗದದಲ್ಲಿ ಬರೆಯುವುದೋ ನಿಮ್ಮ ವಕೀಲರು ಹೇಳಲಿ. ಬರೆಯುವುದಂತೂ ಅಗತ್ಯ. ಮನೆದೇವರ ಖರ್ಚು, ಪಿತೃಪಕ್ಷದ ಸರದಿ, ಗೌರಿ ಬಾಗಿನ ಯಾವ ಅಣ್ಣನಿಂದ ಯಾವ ತಂಗಿಗೆ, ಊರಹಬ್ಬದ ಆರತಿ ಯಾವ ಮನೆಯಿಂದ, ಇಷ್ಟೂ ಒಂದು ಪುಟಕ್ಕೆ ಮುಗಿಯುತ್ತದೆ.

ಜೊತೆಗೆ ಇನ್ನೂರು ಪುಟದ ಒಂದು ನೋಟು ಪುಸ್ತಕ ತೆಗೆದುಕೊಂಡು ಶಾಲೆಗೆ ಹೋಗುವ ಮಗುವಿನ ಕೈಗೆ ಕೊಡಿರಿ. ಅಜ್ಜಿ ಹೇಳುತ್ತಾ ಹೋಗಲಿ, ಮಗು ಬರೆಯಲಿ. ಅಜ್ಜಿಯ ಅಳತೆ ಕಣ್ಣಳತೆ. ಹಿಡಿ, ಚಿಟಿಕೆ, ಪಾವು ಎಂದೇ ಬರೆದುಕೊಂಡರೂ ಸಾಕು. ಪದಗಳನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿರಿ. ಬರೆದದ್ದರ ಒಂದು ಪ್ರತಿಯನ್ನು ಪಂಚಾಯಿತಿಯ ಗ್ರಂಥಾಲಯದಲ್ಲಿ ಇಡಲು ಕೇಳಿರಿ.

ಮನೆಯಲ್ಲಿ ನಾಟಿ ಅವರೆಯ ಬೀಜವೇ ತಪ್ಪಿಹೋಗಿದ್ದರೆ ಅಂಗಡಿಗೆ ಹೋಗುವ ಮೊದಲು ಸುತ್ತಲ ಊರಿನ ನೆಂಟರಿಷ್ಟರಲ್ಲಿ, ಮುಖ್ಯವಾಗಿ ಅಕ್ಕತಂಗಿಯರ ಮನೆಗಳಲ್ಲಿ ವಿಚಾರಿಸಿರಿ. ತವರಿನಿಂದ ಒಯ್ದ ಬೀಜವನ್ನು ಅವರು ಹಿತ್ತಲಿನಲ್ಲಿ ಉಳಿಸಿಕೊಂಡಿರುವುದುಂಟು. ಒಂದು ಸೇರು ತಂದರೆ ಮುಂದಿನ ಸುಗ್ಗಿಗೆ ಎರಡು ಸೇರು ಹಿಂದಕ್ಕೆ ಕೊಡುವುದು ಹಳೆಯ ರೂಢಿ. ಫೆಬ್ರವರಿ, ಮಾರ್ಚಿಯಲ್ಲಿ ಕೇಳಿದರೆ ಸಿಗುತ್ತದೆ, ಬಿತ್ತನೆಯ ಹೊತ್ತಿಗೆ ಕೇಳಿದರೆ ಕೊಡುವವರಲ್ಲೂ ಮುಗಿದಿರುತ್ತದೆ.